ನಾಲೆ ಏರಿಯೋ, ಮೇಲುಕೋಟೆ ತಪ್ಪಲೋ? ಒಂದೇ ಸೈಕಲ್ಲು, ಮೂರು ಗರಸು ದಾರಿ

ಗಾಡಿಗಳ ಹಾರ್ನ್ ಕೇಳಬಾರದು, ಟಾರಿಗಿಂತ ಮಣ್ಣೇ ಹೆಚ್ಚಿರಬೇಕು, ಒಂದೆರಡು ಗುಡ್ಡ ಹತ್ತಬೇಕು, ಎರಡೂ ಬದಿ ಬೆಳೆ ಕಾಣಬೇಕು. ಇಷ್ಟು ಆಸೆ ಇಟ್ಟುಕೊಂಡು ಕಳೆದ ಎರಡು ವರ್ಷ ಭಾನುವಾರಗಳನ್ನು ಮೈಸೂರು, ಮಂಡ್ಯದ ಸುತ್ತ ಸೈಕಲ್ ಮೇಲೆಯೇ ಕಳೆದಿದ್ದೇನೆ. ಮೂರು ದಾರಿ ಮತ್ತೆ ಮತ್ತೆ ಕರೆದವು: ಚಾಮುಂಡಿ ಬೆಟ್ಟದ ಹಿಂಬದಿ, ಪಾಂಡವಪುರದ ಕಡೆಯ ವಿಶ್ವೇಶ್ವರಯ್ಯ ನಾಲೆಯ ಏರಿ, ತೊಣ್ಣೂರಿನಿಂದ ಮೇಲುಕೋಟೆ ತಪ್ಪಲು. ಮೂರರಲ್ಲೂ ಅದೇ ಗ್ರಾವೆಲ್ ಬೈಕು (ಮಣ್ಣು, ಗರಸು ದಾರಿಗೆಂದೇ ಮಾಡಿದ ಸೈಕಲ್ಲು), ಅದೇ 40 ಮಿ.ಮೀ. ಅಗಲದ ಟ್ಯೂಬ್‌ಲೆಸ್ ಟೈರು. ಹಾಗಾಗಿ ಅನುಭವ ಬೇರೆಯಾಗಿದ್ದರೆ ಅದು ನೆಲದ ಗುಣ.

ಈ ಹುಚ್ಚು ಹಿಡಿದದ್ದು ಇಟಲಿಯ ರೇಸ್ ನೋಡಿ. ಗ್ರಾವೆಲ್ ಸೈಕ್ಲಿಂಗಿನ ಮೊದಲೆರಡು ವಿಶ್ವ ಚಾಂಪಿಯನ್‌ಷಿಪ್‌ಗಳು 2022 ಮತ್ತು 2023ರಲ್ಲಿ ಅಲ್ಲಿನ ವೆನೆಟೊ ಸೀಮೆಯಲ್ಲಿ ನಡೆದವು. ಎರಡನೆಯದು ಪ್ರೊಸೆಕೊ ವೈನಿಗೆ ಹೆಸರಾದ ಗುಡ್ಡಗಳ ಕಡೆ. ಸಾಲು ಹಿಡಿದ ದ್ರಾಕ್ಷಿ ಬಳ್ಳಿ, ನಡುವೆ ಬಿಳಿ ಮಣ್ಣಿನ ದಾರಿ, ಹಿಂದೆ ಕಾಡು ಹೊದ್ದ ಬೆಟ್ಟ. ದ್ರಾಕ್ಷಿ ತೋಟ ಬೇಕೆಂದರೆ ನಾವು ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಗೋ ವಿಜಯಪುರಕ್ಕೋ ಹೋಗಬೇಕು. ಆದರೆ ನಮ್ಮ ಕಡೆ ಹಿಪ್ಪುನೇರಳೆ ಇದೆಯಲ್ಲ. ಕೆಂಪು ನೆಲದಲ್ಲಿ ಅಳೆದು ನೆಟ್ಟ ಸಾಲು, ಸೊಪ್ಪು ಕೊಯ್ದ ಮೇಲೆ ಮೊಣಕಾಲೆತ್ತರಕ್ಕೆ ಕತ್ತರಿಸಿದ ಕಡ್ಡಿ, ಹದಿನೈದು ದಿನ ಕಳೆದರೆ ಮತ್ತೆ ಹಸಿರು ಚಿಗುರು. ಬೆಳಗಿನ ಓರೆ ಬಿಸಿಲಿನಲ್ಲಿ ಆ ಸಾಲುಗಳ ನಡುವೆ ಹೋಗುವಾಗ ನನಗೆ ಇಟಲಿ ನೆನಪಾಗುವುದೇ ಇಲ್ಲ.

ಚಾಮುಂಡಿ ಬೆಟ್ಟವನ್ನು ಬೇಗ ಮುಗಿಸುತ್ತೇನೆ. ಮನೆಗೆ ಹತ್ತಿರ ಎಂಬುದೇ ಅದರ ದೊಡ್ಡ ಗುಣ. ಕೆಲಸಕ್ಕೆ ಹೋಗುವ ದಿನವೂ ಬೆಳಗ್ಗೆ ಒಂದೂವರೆ ಗಂಟೆಯಲ್ಲಿ ಉತ್ತನಹಳ್ಳಿ ಕಡೆ ಸುತ್ತು ಹಾಕಿ ಬರಬಹುದು. ಬೆಟ್ಟದ ತುದಿ ಸಮುದ್ರ ಮಟ್ಟದಿಂದ 1000 ಮೀಟರ್ ಮೀರಿದೆ, ಮೈಸೂರು ಊರು 770ರ ಆಸುಪಾಸು. ಕಾಲಿಗೆ ಅಷ್ಟು ಕೆಲಸ ಸಾಕು. ಆದರೆ ಬೆಟ್ಟ ಹತ್ತುವುದೆಲ್ಲ ಟಾರು ರಸ್ತೆ. ಏಳು ಗಂಟೆ ದಾಟಿದರೆ ಕಾರು, ಬಸ್ಸು, ಬೈಕು ಸಾಲುಗಟ್ಟುತ್ತವೆ. ಆಷಾಢ ಶುಕ್ರವಾರದ ಜನಸಾಗರ ಗೊತ್ತೇ ಇದೆ. ತಪ್ಪಲಿನ ಕಾಡು ಮೀಸಲು ಅರಣ್ಯ, ಚಿರತೆ ಓಡಾಡುವ ಜಾಗ. ಅಲ್ಲಿ ಕಾಲುದಾರಿ ಕಂಡಿತೆಂದು ಸೈಕಲ್ ನುಗ್ಗಿಸುವುದು ತಪ್ಪು. ಹೀಗೆ ಕಳೆಯುತ್ತಾ ಬಂದರೆ ನಮಗೆ ಉಳಿಯುವ ಮಣ್ಣು ದಾರಿ ಹೊಲಗಳ ನಡುವಿನ ನಾಲ್ಕೈದು ಕಿಲೋಮೀಟರ್ ಮಾತ್ರ. ಅಭ್ಯಾಸಕ್ಕೆ ಚೆನ್ನ, ಭಾನುವಾರ ಪೂರ್ತಿ ಕೊಡುವ ಜಾಗವಲ್ಲ.

ನಿಜವಾದ ಪೈಪೋಟಿ ಉಳಿದೆರಡರ ನಡುವೆ.

ಪಾಂಡವಪುರದಲ್ಲಿ ಅಕ್ಕನ ಮನೆ. ಶನಿವಾರ ಸಂಜೆಯೇ ಹೋಗಿ ಉಳಿದರೆ ಬೆಳಗ್ಗೆ ಆರಕ್ಕೆ ನಾಲೆ ಏರಿಯ ಮೇಲಿರಬಹುದು. ಕನ್ನಂಬಾಡಿ ಕಟ್ಟೆಯಿಂದ ಹೊರಡುವ ಈ ನಾಲೆಗೆ ಮೊದಲು ವೈಸ್‌ರಾಯ್ ಇರ್ವಿನ್ ಹೆಸರಿತ್ತು, ವಿಶ್ವೇಶ್ವರಯ್ಯನವರ ಹೆಸರು ಬಂದದ್ದು ಆಮೇಲೆ. ಜನರ ಬಾಯಲ್ಲಿ ವಿ.ಸಿ. ನಾಲೆ, ಇಲ್ಲವೇ ಬರೀ ಚಾನಲ್. ಮಂಡ್ಯ ಸೀಮೆ ಇವತ್ತು ಹಸಿರಾಗಿ ಕಾಣುತ್ತಿದ್ದರೆ ಅದು ಈ ನೀರಿನಿಂದ.

ಏರಿಯ ಮೇಲೆ ಸಿಗುವ ನೆಮ್ಮದಿಗೆ ಸಾಟಿ ಇಲ್ಲ. ನೀರು ಬಿಟ್ಟ ದಿನ ಒಂದು ಬದಿಯಲ್ಲಿ ನಾಲೆ ತುಂಬಿ ಸದ್ದಿಲ್ಲದೆ ಹರಿಯುತ್ತಿರುತ್ತದೆ, ಇನ್ನೊಂದು ಬದಿ ತಗ್ಗಿನಲ್ಲಿ ಭತ್ತ, ಕಬ್ಬು, ತೆಂಗು. ಗಾಳಿ ನೀರಿನ ಮೇಲಿಂದ ಬರುವುದರಿಂದ ಎಂಟು ಗಂಟೆಯವರೆಗೂ ಮೈ ತಂಪು. ನಾಲೆಗೆ ಇಳಿಜಾರು ತೀರ ಕಡಿಮೆ ಇರಬೇಕು, ಹಾಗೆಯೇ ಕಟ್ಟಿದ್ದಾರೆ. ಆದ್ದರಿಂದ ಏರಿಯೂ ಸಪಾಟು. ಗೇರ್ ಬದಲಿಸುವ ಕೆಲಸವೇ ಇಲ್ಲ. ಕಬ್ಬು ಅರೆಯುವ ದಿನಗಳಲ್ಲಿ ಆಲೆಮನೆಯಿಂದ ಪಾಕದ ವಾಸನೆ ತೇಲಿ ಬರುತ್ತದೆ. ಒಮ್ಮೆ ನಿಲ್ಲಿಸಿ ಕೇಳಿದ್ದಕ್ಕೆ ಅಲ್ಲಿದ್ದ ಹಿರಿಯರೊಬ್ಬರು ಬಾಳೆ ಎಲೆ ಚೂರಿನ ಮೇಲೆ ಬಿಸಿ ಬೆಲ್ಲ ಹಾಕಿ ಕೊಟ್ಟರು. ಎರಡು ಬೆರಳಲ್ಲಿ ಎಳೆದರೆ ದಾರದ ಹಾಗೆ ಬಂತು. ಮುಂದಿನ ಇಪ್ಪತ್ತು ಕಿಲೋಮೀಟರಿಗೆ ಬೇರೇನೂ ಬೇಕಾಗಲಿಲ್ಲ.

ಆದರೆ ಆ ನೆಲ ಮಳೆಗೆ ಒಗ್ಗುವುದಿಲ್ಲ. ಏರಿಗೆ ಹಾಕಿರುವುದು ಜೇಡಿ ಬೆರೆತ ಮಣ್ಣು. ಆಗಸ್ಟಿನ ಒಂದು ಬೆಳಗ್ಗೆ, ರಾತ್ರಿ ಬಿದ್ದ ಮಳೆ ನಿಂತಿತ್ತು ಎಂದುಕೊಂಡು ಹೊರಟೆ. ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಟೈರಿಗೂ ಫೋರ್ಕಿಗೂ ನಡುವೆ ಮಣ್ಣು ರಾಗಿ ಮುದ್ದೆಯ ಹಾಗೆ ಮೆತ್ತಿಕೊಂಡು ಚಕ್ರ ತಿರುಗುವುದೇ ನಿಂತಿತು. ಕಡ್ಡಿಯಲ್ಲಿ ಕೆರೆದು ಹತ್ತು ಹೆಜ್ಜೆ ತಳ್ಳಿದರೆ ಮತ್ತೆ ಅದೇ ಕಥೆ. ಸೈಕಲ್ ಹೆಗಲ ಮೇಲಿಟ್ಟುಕೊಂಡು ಊರು ಸೇರಿದೆ. ಬೇಸಿಗೆಯಲ್ಲಿ ಇನ್ನೊಂದು ತೊಂದರೆ: ಕಬ್ಬಿನ ಟ್ರಾಕ್ಟರ್ ಓಡಾಡಿದ ಕಡೆ ಮಣ್ಣು ತೆರೆ ತೆರೆಯಾಗಿ ಗಟ್ಟಿಯಾಗುತ್ತದೆ, ಮುಂಗೈ ನಡುಗಿ ಜೋಮು ಹಿಡಿಯುತ್ತದೆ. ಟೈರಿನ ಗಾಳಿ 45 ಪಿಎಸ್‌ಐನಿಂದ 32ಕ್ಕೆ ಇಳಿಸಿದ ಮೇಲೆ ತಡೆಯುವಂತಾಯಿತು.

ಇದಕ್ಕಿಂತ ದೊಡ್ಡ ಮಾತೊಂದಿದೆ. ನಾಲೆಗೆ ಬಹಳ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ಇದೇ ನಾಲೆಗೆ ಉರುಳಿ 30 ಜನ ಸತ್ತರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅಕ್ಕನ ಬೀದಿಯಲ್ಲಿ ಆ ದಿನದ ಮಾತು ಈಗಲೂ ತಗ್ಗಿದ ದನಿಯಲ್ಲೇ ಬರುತ್ತದೆ. ನಾನು ಏರಿಯ ಮೇಲೆ ಯಾವಾಗಲೂ ಗದ್ದೆಯ ಬದಿಯ ಜಾಡನ್ನೇ ಹಿಡಿಯುತ್ತೇನೆ. ಎದುರಿಗೆ ಎತ್ತಿನ ಗಾಡಿಯೋ ಟ್ರಾಕ್ಟರೋ ಬಂದರೆ ಇಳಿದು ನಿಲ್ಲುತ್ತೇನೆ. ನೀರು ನಿಧಾನ ಅನಿಸಿದರೂ ಕಲ್ಲು ಕಟ್ಟಿದ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ, ಈಜು ಬಂದವರಿಗೂ ಹತ್ತಿ ಬರುವುದು ಕಷ್ಟ.

ದಾರಿಯ ಕೊನೆ ಹುಲಿಕೆರೆ. ಅಲ್ಲಿ ನಾಲೆ ಗುಡ್ಡದೊಳಗೆ ಹೊಕ್ಕು ಸುಮಾರು 2.8 ಕಿಲೋಮೀಟರ್ ಸುರಂಗದಲ್ಲಿ ಹರಿಯುತ್ತದೆ. ಇಷ್ಟು ಹೊತ್ತು ಜೊತೆಗಿದ್ದ ನೀರು ಕಣ್ಣೆದುರೇ ಕತ್ತಲಿಗೆ ಇಳಿದು ಮಾಯವಾಗುವುದನ್ನು ನೋಡುತ್ತಾ ಎಷ್ಟೋ ಹೊತ್ತು ನಿಂತಿದ್ದೇನೆ.

ಇನ್ನು ತೊಣ್ಣೂರು. ಪಾಂಡವಪುರದಿಂದ ಹೊರಟರೆ ಮುಕ್ಕಾಲು ಗಂಟೆಯ ದಾರಿ. ಎರಡು ಕಲ್ಲುಗುಡ್ಡಗಳ ಸಂದಿಗೆ ಏರಿ ಕಟ್ಟಿ ನಿಲ್ಲಿಸಿದ ಕೆರೆ. ನೀರು ಅಷ್ಟು ತಿಳಿಯಾಗಿದ್ದರಿಂದಲೇ 1746ರಲ್ಲಿ ಇಲ್ಲಿ ಬೀಡುಬಿಟ್ಟಿದ್ದ ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ಇದನ್ನು ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂದು ಕರೆದನಂತೆ. ಊರಲ್ಲಿ ಹೊಯ್ಸಳರ ಕಾಲದ ನಂಬಿನಾರಾಯಣ ಗುಡಿ ಇದೆ, ರಾಮಾನುಜರು ಮೇಲುಕೋಟೆಗೆ ಮೊದಲು ಇಲ್ಲಿದ್ದರೆಂದು ಹೇಳುತ್ತಾರೆ. ನಾನು ಕೆರೆ ಏರಿಯ ಮೇಲೆ ಬಾಟಲಿ ತೆಗೆದು ಎರಡು ಗುಟುಕು ನೀರು ಕುಡಿದು ಮುಂದೆ ಹೊರಡುತ್ತೇನೆ.

ಅಲ್ಲಿಂದಾಚೆಗೆ ಗಾಡಿ ಜಾಡು. ಜಕ್ಕನಹಳ್ಳಿಯ ಕಡೆಗೆ ಮುಖ್ಯ ರಸ್ತೆ ಬಿಟ್ಟು ಹಳ್ಳಿಯಿಂದ ಹಳ್ಳಿಗೆ ಹೋದರೆ ಹಿಪ್ಪುನೇರಳೆ, ಹುರುಳಿ, ರಾಗಿ, ನಡುನಡುವೆ ತೆಂಗಿನ ತೋಟ. ಕಾಲಡಿ ಅಪ್ಪಟ ಗರಸು: ಕಲ್ಲಿನ ಪುಡಿ, ಹೆಸರುಕಾಳಿನಷ್ಟು ದಪ್ಪದ ಹರಳು, ಕೆಂಪು ಮಣ್ಣು. ಮಳೆ ಬಿದ್ದ ಒಂದು ಗಂಟೆಗೆ ನೀರು ಇಂಗಿ ನೆಲ ಗಟ್ಟಿಯಾಗಿರುತ್ತದೆ. ಆಗ ಟೈರು ನೆಲ ಹಿಡಿದು ಹೋಗುವ ಸದ್ದೇ ಬೇರೆ, ಹುರಿಗಾಳು ಅಗಿದ ಹಾಗೆ. ನಾಲೆ ಏರಿ ನನ್ನನ್ನು ಹೊರಗಟ್ಟಿದ ಆ ಆಗಸ್ಟಿನಲ್ಲೇ, ಮುಂದಿನ ವಾರ ಇಲ್ಲಿಗೆ ಬಂದೆ. ರಾತ್ರಿ ಅದಕ್ಕಿಂತ ಜೋರು ಮಳೆ ಬಿದ್ದಿತ್ತು. ಒಂದು ಕಡೆಯೂ ಇಳಿಯಬೇಕಾಗಲಿಲ್ಲ.

ಈ ದಾರಿಗೆ ಕೊಡಬೇಕಾದ ಸುಂಕ ಮುಳ್ಳು. ಬದುವಿನ ಜಾಲಿ ಕಡಿದು ದಾರಿಗೆ ಎಸೆದಿರುತ್ತಾರೆ. ಅದಕ್ಕಿಂತ ಕೆಟ್ಟದ್ದು ನೆಗ್ಗಿಲು. ಕಡಲೆಕಾಳಿನಷ್ಟೇ ಇರುವ ಕಾಯಿ, ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖ. ಒಂದು ಭಾನುವಾರ ಹಿಂದಿನ ಟೈರಿನಿಂದ ಹನ್ನೊಂದು ಕಿತ್ತೆ. ಕಿತ್ತಲ್ಲೆಲ್ಲ ಒಳಗಿನ ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ, ಬಿಳಿ ಹಾಲಿನ ಹಾಗೆ ಗುಳ್ಳೆ ಬಂದು ಅಲ್ಲೇ ಹೆಪ್ಪುಗಟ್ಟಿತು, ಗಾಳಿ ಇಳಿಯಲಿಲ್ಲ. ಹಳೆ ಟ್ಯೂಬಿನ ಟೈರಾಗಿದ್ದರೆ ಅವತ್ತು ಮನೆ ಸೇರುತ್ತಿರಲಿಲ್ಲ. ಟ್ಯೂಬ್‌ಲೆಸ್ ಇಲ್ಲದವರಿಗೆ ನಾನು ಈ ದಾರಿ ಹೇಳುವುದಿಲ್ಲ, ಅವರಿಗೆ ಒಣ ದಿನದ ನಾಲೆ ಏರಿಯೇ ಸರಿ.

ಬೆಟ್ಟ ಹತ್ತಿರವಾದಂತೆ ಕಾಡು ಶುರು. ಇದು 1974ರಲ್ಲಿ ತೋಳಗಳ ರಕ್ಷಣೆಗೆಂದು ಘೋಷಿಸಿದ ಮೇಲುಕೋಟೆ ವನ್ಯಧಾಮ. ಮೊದಲ ಸಲ ಗೊತ್ತಿಲ್ಲದೆ ಒಳದಾರಿಗೆ ತಿರುಗಿದ್ದೆ. ಕಾವಲಿನವರು ತಡೆದು, ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ ಎಂದು ಸಮಾಧಾನವಾಗಿ ತಿಳಿಹೇಳಿ ಊರ ದಾರಿ ತೋರಿಸಿದರು. ಅಂದಿನಿಂದ ಕಾಡಿನ ಅಂಚಿನ ಹಳ್ಳಿ ದಾರಿಯನ್ನೇ ಹಿಡಿದು, ಕೊನೆಯ ಏರನ್ನು ಟಾರಿನ ಮೇಲೆ ಹತ್ತುತ್ತೇನೆ. ಗಾಡಿಗಳ ಸಹವಾಸ ಇರುವುದು ಅಷ್ಟರಲ್ಲೇ. ಎಂಟರೊಳಗೆ ಹತ್ತಿಬಿಟ್ಟರೆ ಅದೂ ಇಲ್ಲ. ವೈರಮುಡಿ ಉತ್ಸವದ ದಿನಗಳಲ್ಲಿ ಮಾತ್ರ ಸೈಕಲ್ ಮನೆಯಲ್ಲೇ ಇರಲಿ.

ಎದೆ ಬಡಿತ ಕಿವಿಗೆ ಕೇಳುವಷ್ಟು ದಣಿದು ಮೇಲೆ ತಲುಪಿದಾಗ ಯೋಗನರಸಿಂಹನ ಬೆಟ್ಟ ಕಾಣುತ್ತದೆ. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ತಿನ್ನುವ ಪುಳಿಯೋಗರೆಗೆ ನಾಲೆ ಏರಿಯ ಬಿಸಿ ಬೆಲ್ಲವೊಂದೇ ಎದುರಾಳಿ. ಆ ಒಂದು ವಿಷಯದಲ್ಲಿ ನನಗೆ ತೀರ್ಪು ಕೊಡಲು ಆಗಿಲ್ಲ. ಉಳಿದೆಲ್ಲದರಲ್ಲಿ ತೊಣ್ಣೂರು–ಮೇಲುಕೋಟೆಯೇ ಮೇಲು ಎನ್ನುತ್ತೇನೆ. ಏರು ಇದೆ, ಇಳಿತ ಇದೆ, ಪ್ರತಿ ತಿರುವಿಗೂ ನೆಲ ಬದಲಾಗುತ್ತದೆ. ನಾಲೆ ಏರಿ ಮನಸ್ಸಿಗೆ ತಂಪು, ಆದರೆ ಎರಡು ಗಂಟೆಯಲ್ಲಿ ಕಾಲು ಇನ್ನೇನಾದರೂ ಕೇಳತೊಡಗುತ್ತದೆ. ಗುರುವಾರದಿಂದ ಮಳೆ ಇಲ್ಲದಿದ್ದು, ನಾಲೆಗೆ ನೀರು ಬಿಟ್ಟಿದ್ದು, ಒಬ್ಬನೇ ಇರಬೇಕು ಅನಿಸಿದ ಭಾನುವಾರ ಮಾತ್ರ ನಾನು ಚಾನಲ್ ಕಡೆ ತಿರುಗುತ್ತೇನೆ.

ಅಕ್ಕನ ಮಗನಿಗೆ ಈಗ ಹನ್ನೊಂದು ವರ್ಷ. ಕರೆದುಕೊಂಡು ಹೋಗು ಎಂದು ಪ್ರತಿ ವಾರ ಕೇಳುತ್ತಾನೆ, ಅವನಿಗೆ ಸುರಂಗ ನೋಡಬೇಕು. ಸುರಂಗಕ್ಕೆ ಮೋಟಾರ್ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸುತ್ತೇನೆ ಎಂದಿದ್ದೇನೆ. ಅವನ ಮೊದಲ ಗರಸು ಸವಾರಿ ತೊಣ್ಣೂರು ಕೆರೆಯವರೆಗೆ, ದೀಪಾವಳಿ ರಜೆಯಲ್ಲಿ. ಸೈಕಲ್ಲಿಗೆ ದಪ್ಪ ಟೈರು ಹಾಕಿಸಿ ಆಗಿದೆ. ಟೈರಿನಿಂದ ಮುಳ್ಳು ಕೀಳುವುದನ್ನು ಅಂಗಳದಲ್ಲಿ ಕೂರಿಸಿ ಹೇಳಿಕೊಟ್ಟೆ, ಎರಡನೆಯ ಸಲಕ್ಕೇ ಕಲಿತ.