ಫೋಟೊ ಕಳಿಸೋಕೆ ವಿನ್‌ಎಸ್‌ಸಿಪಿನೋ, ಫೈಲ್‌ಝಿಲ್ಲಾನೋ?

ಎರಡೂ ನಮ್ಮ ಕಂಪ್ಯೂಟರ್‌ನಿಂದ ಸರ್ವರ್‌ಗೆ ಫೈಲ್ ಕಳಿಸುವ ಸಾಫ್ಟ್‌ವೇರ್‌ಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಿನ್‌ಎಸ್‌ಸಿಪಿಗೆ. ಕಾರಣ ವೇಗ ಅಲ್ಲ.

ದಾವಣಗೆರೆಯಲ್ಲಿ ಮದುವೆ ಫೋಟೊ ತೆಗೆಯುವುದು ನನ್ನ ಕೆಲಸ. ಆಲ್ಬಂ ಮಾಡುವ ಹುಡುಗ ಚಿತ್ರದುರ್ಗದಲ್ಲಿದ್ದಾನೆ. ನಾನು ಎಸ್‌ಎಫ್‌ಟಿಪಿಯಲ್ಲಿ (ಇಂಟರ್ನೆಟ್ ಮೂಲಕ ಫೈಲ್‌ಗಳನ್ನು ಸುರಕ್ಷಿತವಾಗಿ ಕಳಿಸುವ ವಿಧಾನ) ಬಾಡಿಗೆ ಸರ್ವರ್‌ಗೆ, ಅಂದರೆ ಇಂಟರ್ನೆಟ್‌ನಲ್ಲಿರುವ ಬಾಡಿಗೆ ಕಂಪ್ಯೂಟರ್‌ಗೆ, ಫೋಟೊ ಹಾಕುತ್ತೇನೆ, ಅವನು ಇಳಿಸಿಕೊಳ್ಳುತ್ತಾನೆ.

ಹೋದ ಏಪ್ರಿಲ್‌ನಲ್ಲಿ ಒಂದು ಮದುವೆಯ 1,840 ಫೋಟೊ ಫೈಲ್‌ಝಿಲ್ಲಾಗೆ ಹಚ್ಚಿ ಊಟಕ್ಕೆ ಕೂತಿದ್ದೆ, ಕರೆಂಟ್ ಹೋಯಿತು. ಬಂದ ಮೇಲೆ ಅದೇ ಫೋಲ್ಡರ್ ಮತ್ತೆ ಎಳೆದು ಹಾಕಿದೆ. ಈ ಹೆಸರಿನ ಫೈಲ್ ಆಗಲೇ ಇದೆ, ಏನು ಮಾಡಲಿ ಎಂದು ಕೇಳಿತು. ಹೋಗಿರುವುದನ್ನು ಮತ್ತೆ ಯಾಕೆ ಕಳಿಸಬೇಕು ಅಂತ ಸ್ಕಿಪ್ ಒತ್ತಿದೆ, ಎಲ್ಲದಕ್ಕೂ ಅದೇ ಇರಲಿ ಅಂತ ಟಿಕ್ ಹಾಕಿದೆ. ಎಡವಿದ್ದು ಅಲ್ಲೇ. ಅದು ಒಮ್ಮೆಗೆ ಎರಡು ಫೈಲ್ ಕಳಿಸುತ್ತದೆ, ಶುರುವಿನಿಂದಲೇ ಅಸಲಿ ಹೆಸರಿನಲ್ಲಿ ಬರೆಯುತ್ತದೆ. ಕರೆಂಟ್ ಹೋದಾಗ ದಾರಿಯಲ್ಲಿದ್ದ ಎರಡು ಫೋಟೊ ಅರ್ಧಂಬರ್ಧ ಸರ್ವರ್‌ನಲ್ಲಿ ಕೂತಿದ್ದವು. ಹೆಸರು ಇದೆಯಲ್ಲ, ಹಾಗಾಗಿ ನಾನು ಹೇಳಿದಂತೆ ಅವನ್ನೂ ಬಿಟ್ಟು ಮುಂದೆ ಹೋಗಿದೆ.

ಎರಡು ದಿನ ಬಿಟ್ಟು ಹುಡುಗ ಫೋನ್ ಮಾಡಿದ. "ಅಣ್ಣಾ, ಧಾರೆ ಫೋಟೊ ಕೆಳಗೆಲ್ಲ ಬೂದಿ ಬಣ್ಣ ಬಂದೈತೆ" ಅಂದ. ಸರ್ವರ್‌ನಿಂದ ಇಳಿಸಿ ನೋಡಿದೆ. ಬಾಸಿಂಗ ಇದೆ, ಮದುಮಗಳ ಕಣ್ಣು ಇದೆ, ಮೂಗಿನ ಕೆಳಗೆ ಗೆರೆ ಎಳೆದು ಕತ್ತರಿಸಿದ ಹಾಗೆ ಬರೀ ಬೂದಿ. ಧಾರೆ ಎರೆಯುವ ಕೈಗಳೇ ಇಲ್ಲ. ಮೂಲ ಫೋಟೊ ನನ್ನ ಹತ್ತಿರ ಇತ್ತು, ಬಚಾವಾದೆ. ಆದರೆ ಅವನು ಗಮನಿಸದೆ ಪ್ರಿಂಟಿಗೆ ಕಳಿಸಿದ್ದರೆ?

ವಿನ್‌ಎಸ್‌ಸಿಪಿ 100 ಕೆಬಿಗಿಂತ ದೊಡ್ಡ ಫೈಲ್‌ಗಳಿಗೆ ಮೊದಲು ಕೊನೆಯಲ್ಲಿ 'ಫೈಲ್‌ಪಾರ್ಟ್' ಅಂತ ಸೇರಿಸಿ ಬರೆಯುತ್ತದೆ, ಪೂರ್ತಿ ಹೋದ ಮೇಲಷ್ಟೇ ಅಸಲಿ ಹೆಸರು ಕೊಡುತ್ತದೆ. ಅರ್ಧ ಫೈಲ್ ಯಾವುದು ಅಂತ ಹುಡುಗನಿಗೂ ಕಂಡೇ ಗೊತ್ತಾಗುತ್ತದೆ. ಪರೀಕ್ಷೆಗೆಂದು ಒಂದು ದೊಡ್ಡ ವಿಡಿಯೊ ಹೋಗುತ್ತಿರುವಾಗ ಮೂರು ಸಲ ಸ್ವಿಚ್ ಆರಿಸಿದೆ. ಮೂರೂ ಸಲ ಬಿಟ್ಟ ಕಡೆಯಿಂದಲೇ ಮುಂದುವರಿಯಿತು. ಹೆಸರು ಬದಲಿಸಲು ಬಿಡದ ಸರ್ವರ್‌ಗಳಲ್ಲಿ ಮಾತ್ರ ಇದು ತಕರಾರು ಮಾಡುತ್ತದೆ.

ವೇಗದಲ್ಲಿ ಫೈಲ್‌ಝಿಲ್ಲಾ ಮುಂದು. ಅದೇ ಮದುವೆ ಫೋಲ್ಡರ್‌ಗೆ ಅದು 58 ನಿಮಿಷ ತಗೊಂಡರೆ ವಿನ್‌ಎಸ್‌ಸಿಪಿ ಒಂದೊಂದೇ ಕಳಿಸಿ 70 ನಿಮಿಷ ತಗೊಂಡಿತು. ರಾತ್ರಿ ಹಚ್ಚಿ ಮಲಗುವವನಿಗೆ 12 ನಿಮಿಷ ಏನೂ ಅಲ್ಲ.

ದುಡ್ಡಿನ ಮಾತಿಲ್ಲ, ಎರಡೂ ಪುಕ್ಕಟೆ.

ವಿನ್‌ಎಸ್‌ಸಿಪಿ ವಿಂಡೋಸ್‌ಗೆ ಮಾತ್ರ. ಮ್ಯಾಕ್, ಲಿನಕ್ಸ್ ಇರುವವರು ಫೈಲ್‌ಝಿಲ್ಲಾನೇ ಬಳಸಿ, ಆದರೆ ಸೆಟ್ಟಿಂಗ್ಸ್‌ನಲ್ಲಿ, ಫೈಲ್ ಆಗಲೇ ಇದ್ದರೆ ಏನು ಮಾಡಬೇಕು ಅನ್ನುವ ಕಡೆ, ಸೈಜ್ ಬೇರೆ ಇದ್ದರೆ ಮತ್ತೆ ಬರೆ ಅನ್ನುವುದನ್ನು ಇವತ್ತೇ ಆರಿಸಿಡಿ.