ಶಿವಮೊಗ್ಗದ ವ್ಯಸನ ಸಮಾಲೋಚಕರ ತರಬೇತಿ: ಒಂಬತ್ತು ತಿಂಗಳು ಓದಿದವನ ಅಭಿಪ್ರಾಯ

ಕುಡಿತ ಬಿಟ್ಟು ನಾಲ್ಕು ವರ್ಷ ತುಂಬಿದ ಮೇಲೆ, 43ನೆಯ ವಯಸ್ಸಿನಲ್ಲಿ, ನಾನು ಮತ್ತೆ ತರಗತಿಯಲ್ಲಿ ಕುಳಿತೆ. ಶಿವಮೊಗ್ಗದ ಒಂದು ಸ್ವಯಂಸೇವಾ ಸಂಸ್ಥೆ ನಡೆಸುವ, ಮದ್ಯ ಮತ್ತು ಮಾದಕ ವ್ಯಸನ ಆಪ್ತಸಮಾಲೋಚಕರ ಒಂಬತ್ತು ತಿಂಗಳ ಪ್ರಮಾಣಪತ್ರ ತರಬೇತಿ ಅದು. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಇಡೀ ದಿನ ತರಗತಿ, 18,000 ರೂಪಾಯಿ ಶುಲ್ಕ, ಹದಿನಾಲ್ಕು ವಿದ್ಯಾರ್ಥಿಗಳು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸ್ವತಃ ಚೇತರಿಕೆಯಲ್ಲಿರುವವರು. ನಮ್ಮಂಥ ಊರಿನಲ್ಲಿ ಸಂಸ್ಥೆ ಯಾವುದೆಂದು ಗೊತ್ತಾದರೆ ಅಲ್ಲಿ ಕುಳಿತವರು ಯಾರೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಇಂಥ ತರಬೇತಿಗೆ ಸೇರುವ ಯೋಚನೆಯಲ್ಲಿರುವವರಿಗೆ ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದಷ್ಟೇ ಈ ಬರಹದ ಉದ್ದೇಶ.

ಸೇರಲು ಪಿಯುಸಿ ಆಗಿರಬೇಕು. ಚೇತರಿಕೆಯಲ್ಲಿರುವವರಾದರೆ ಕನಿಷ್ಠ ಎರಡು ವರ್ಷ ಒಂದು ಹನಿಯನ್ನೂ ಮುಟ್ಟಿರಬಾರದು. ನಾನು ಬಿಕಾಂ ಕೊನೆಯ ವರ್ಷದಲ್ಲಿ ಕಾಲೇಜು ಬಿಟ್ಟವನು, ಆಮೇಲೆ ಹೊಸನಗರದ ಕಡೆ ಅಡಿಕೆ ತೋಟ ನೋಡಿಕೊಂಡು ಇದ್ದವನು. ಸಂದರ್ಶನದ ದಿನ ಎಂಟು ತಿಂಗಳಿಂದ ಕುಡಿಯದಿದ್ದ ಒಬ್ಬರನ್ನು ‘ಇನ್ನೂ ಸ್ವಲ್ಪ ಕಾಲ ಹೋಗಲಿ’ ಎಂದು ವಾಪಸು ಕಳುಹಿಸಿದಾಗ ನನಗೆ ಅದು ನಿರ್ದಯ ಅನಿಸಿತ್ತು. ಆ ಅಭಿಪ್ರಾಯ ಬದಲಾಗಲು ಐದು ತಿಂಗಳು ಹಿಡಿಯಿತು.

ನಾನು ಅಲ್ಲಿಗೆ ಹೋದದ್ದು ಒಂದು ದೊಡ್ಡ ತಪ್ಪು ಕಲ್ಪನೆಯೊಂದಿಗೆ. ಕುಡಿದು ಕೆಟ್ಟವನಿಗೆ, ಅದರಿಂದ ಎದ್ದು ಬಂದವನಿಗೆ, ಈ ಕೆಲಸ ಅರ್ಧ ಬಂದೇ ಇರುತ್ತದೆ, ಉಳಿದರ್ಧಕ್ಕೆ ಒಂದು ಪ್ರಮಾಣಪತ್ರ ಸಾಕು ಎಂದು ನಂಬಿದ್ದೆ. ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ (ಎಎ) ಸಭೆಗಳಲ್ಲಿ ನನ್ನ ಕಥೆಯನ್ನು ಎಷ್ಟೋ ಸಲ ಹೇಳಿದ್ದೆ. ಕೇಳಿದವರು ಕಣ್ಣೊರೆಸಿಕೊಂಡದ್ದನ್ನೂ ನೋಡಿದ್ದೆ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಷೇರು ವ್ಯವಹಾರದವರೊಬ್ಬರು ಮತ್ತು ಶಸ್ತ್ರವೈದ್ಯರೊಬ್ಬರು ಪರಸ್ಪರ ತಮ್ಮ ಕುಡಿತದ ಕಥೆ ಹೇಳಿಕೊಂಡದ್ದರಿಂದಲೇ ಆ ಕೂಟ ಹುಟ್ಟಿತಾದ್ದರಿಂದ, ಕಥೆ ಹೇಳುವುದೇ ಚಿಕಿತ್ಸೆ ಎಂದು ನಾನು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯ ವಾರ ಅಣಕು ಸಮಾಲೋಚನೆ ಮಾಡಿಸಿದರು. ಸಹಪಾಠಿಯೊಬ್ಬರು ಹೆಂಡತಿಯ ಒತ್ತಾಯಕ್ಕೆ ಬಂದ ವ್ಯಾಪಾರಿಯ ಪಾತ್ರ ವಹಿಸಿದರು, ನಾನು ಸಮಾಲೋಚಕ. ಹತ್ತು ನಿಮಿಷ ಮುಗಿದ ಮೇಲೆ ನಮ್ಮ ಮೇಡಂ ಕೈಗಡಿಯಾರ ನೋಡಿ ಹೇಳಿದರು: “ಹತ್ತರಲ್ಲಿ ಏಳು ನಿಮಿಷ ನೀವೇ ಮಾತಾಡಿದಿರಿ ಸರ್. ಅವರ ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಗೊತ್ತಾಯಿತಾ?” ನನಗೆ ಗೊತ್ತಾಗಿರಲಿಲ್ಲ. ಆ ಮನುಷ್ಯ ಯಾವಾಗಿನಿಂದ ಕುಡಿಯುತ್ತಿದ್ದಾನೆ ಎಂಬುದನ್ನೂ ನಾನು ಕೇಳಿರಲಿಲ್ಲ. ನಾನು ಹೇಗೆ ಬಿಟ್ಟೆ ಎಂಬುದು ಮಾತ್ರ ಅವನಿಗೆ ಪೂರ್ತಿ ತಿಳಿದಿತ್ತು. ಸಭೆಯಲ್ಲಿ ಕಥೆ ಹೇಳುವವನಿಗೂ ಕೇಳುವವನಿಗೂ ಸಮಾನ ಸ್ಥಾನವಿದೆ, ಆದರೆ ಸಮಾಲೋಚನೆಯ ಕೋಣೆಯಲ್ಲಿರುವ ಸಮಯ ಎದುರು ಕುಳಿತವರದು ಎಂದು ಅವರು ವಿವರಿಸಿದ್ದು ನನಗೆ ಅಂದು ಅವಮಾನದಂತೆ ಕಂಡಿತು. ಇಂದು ಕೇಳಿದರೆ, ಆ ಒಂದು ಪಾಠಕ್ಕೇ 18,000 ರೂಪಾಯಿ ಸಾರ್ಥಕವಾಯಿತು ಎನ್ನುತ್ತೇನೆ.

ಅಲ್ಲಿಂದ ಮುಂದಿನ ಎರಡು ತಿಂಗಳು ಬಹುಪಾಲು ಪ್ರೇರಣಾತ್ಮಕ ಸಂದರ್ಶನದ ಅಭ್ಯಾಸಕ್ಕೆ ಹೋಯಿತು. ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿ, ಆಮೇಲೆ ಸ್ಟೀಫನ್ ರಾಲ್ನಿಕ್ ಅವರ ಜೊತೆಗೂಡಿ ಬೆಳೆಸಿದ ಈ ಪದ್ಧತಿಯಲ್ಲಿ ಉಪದೇಶಕ್ಕೆ ಜಾಗವಿಲ್ಲ. ಬಿಡಬೇಕಾದ ಕಾರಣಗಳು ಕುಡಿಯುವವರ ಬಾಯಿಂದಲೇ ಬರುವಂತೆ ಕೇಳಬೇಕು. ನಮ್ಮಲ್ಲಿ ಮಾವನಿಂದ ಹಿಡಿದು ಊರ ಹಿರಿಯರವರೆಗೆ ಎಲ್ಲರೂ ಹೇಳುವ ಮಾತು ‘ಮಕ್ಕಳ ಮುಖ ನೋಡಿಯಾದರೂ ಬಿಡಬಾರದಾ’ ಎಂಬುದು, ಮತ್ತು ಅದನ್ನು ಕೇಳಿದವನು ತಲೆ ತಗ್ಗಿಸಿ ಕುಳಿತು ಸಂಜೆಗೆ ಮತ್ತೆ ಬಾರಿಗೆ ಹೋಗುವುದು ನಮಗೆಲ್ಲ ಗೊತ್ತಿರುವ ಸಂಗತಿ. ಅದರ ಬದಲು “ಬಿಡಬೇಕು ಅಂತಲೂ ಅನಿಸುತ್ತದೆ, ಬಿಟ್ಟರೆ ಸಂಜೆ ಹೇಗೆ ಕಳೆಯುವುದು ಅಂತಲೂ ಅನಿಸುತ್ತದೆ, ಅಲ್ಲವಾ?” ಎಂದು ಕೇಳಿ ಸುಮ್ಮನಿರಲು ಕಲಿಸಿದರು. ಸುಮ್ಮನಿರುವುದನ್ನು ಕಲಿಯಲು ನನಗೆ ಎಲ್ಲಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ‘ಆಡಿಟ್’ ಎಂಬ ತಪಾಸಣಾ ಪಟ್ಟಿಯ ಪಾಠವೂ ಮರೆಯುವಂಥದ್ದಲ್ಲ. ಅದರ ಮೂರನೆಯ ಪ್ರಶ್ನೆ, ಒಂದೇ ಸಲಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಡ್ರಿಂಕ್ ಎಷ್ಟು ಬಾರಿ ಕುಡಿಯುತ್ತೀರಿ ಎಂಬುದು. ನಮ್ಮೂರಿನಲ್ಲಿ ಇದನ್ನು ಹಾಗೆಯೇ ಕೇಳಿದರೆ ‘ಅಷ್ಟೆಲ್ಲ ಇಲ್ಲ, ಒಂದು ಕ್ವಾರ್ಟರ್ ಅಷ್ಟೇ’ ಎಂಬ ಉತ್ತರ ಬರುತ್ತದೆ. ಮೇಡಂ ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದರು: ಕ್ವಾರ್ಟರ್ ಎಂದರೆ 180 ಮಿಲಿಲೀಟರ್, ಅದರಲ್ಲಿ ಆಲ್ಕೋಹಾಲ್ ಶೇ. 42.8, ತೂಕಕ್ಕೆ ಇಳಿಸಿದರೆ ಸುಮಾರು 60 ಗ್ರಾಂ. ಆ ಪಟ್ಟಿಯಲ್ಲಿ ಒಂದು ಡ್ರಿಂಕ್ ಎಂದರೆ 10 ಗ್ರಾಂ. ಅಂದರೆ ಒಂದು ಕ್ವಾರ್ಟರಿಗೇ ಆರು ಆಯಿತು. ದಿನಕ್ಕೆ ಎರಡು ಕ್ವಾರ್ಟರ್ ಕುಡಿಯುತ್ತಿದ್ದ ನಾನು ವರ್ಷಗಟ್ಟಲೆ ನನ್ನನ್ನು ‘ಮಿತಿಯಲ್ಲಿರುವವನು’ ಎಂದು ಭಾವಿಸಿದ್ದೆ. ಆ ಬೋರ್ಡಿನ ಮುಂದೆ ಕುಳಿತು ಬಹಳ ಹೊತ್ತು ಮಾತಾಡಲು ಆಗಲಿಲ್ಲ.

ವೈದ್ಯಕೀಯ ಭಾಗವನ್ನು ಮನೋವೈದ್ಯರೊಬ್ಬರು ನಾಲ್ಕು ಭಾನುವಾರ ತೆಗೆದುಕೊಂಡರು. ಮಲೆನಾಡಿನ ಪ್ರತಿ ಕುಟುಂಬಕ್ಕೂ ತಿಳಿದಿರಬೇಕಾದ ಪಾಠ ಇದು ಎಂದು ನನ್ನ ದೃಢ ಅಭಿಪ್ರಾಯ. ಧರ್ಮಸ್ಥಳದಲ್ಲೋ ಸಿಗಂದೂರಿನಲ್ಲೋ ಆಣೆ ಮಾಡಿ ಒಂದೇ ದಿನಕ್ಕೆ ಕುಡಿತ ನಿಲ್ಲಿಸುವುದು ನಮ್ಮಲ್ಲಿ ರೂಢಿ, ಮತ್ತು ಆ ಶ್ರದ್ಧೆಯಿಂದ ಉಳಿದುಕೊಂಡವರನ್ನು ನಾನು ಬಲ್ಲೆ. ಆದರೆ ವರ್ಷಗಟ್ಟಲೆ ದಿನವೂ ಕುಡಿದವರು ಹಠಾತ್ತನೆ ನಿಲ್ಲಿಸಿದಾಗ ಕೆಲವೇ ತಾಸುಗಳಲ್ಲಿ ಕೈನಡುಕ, ಬೆವರು ಶುರುವಾಗಿ, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣಿಸಿ, ಕೇಳಿಸಿ, ಹಗಲು ರಾತ್ರಿಯ ಪರಿವೆ ತಪ್ಪುವ ಸನ್ನಿ ಬಂದರೆ ಪ್ರಾಣಕ್ಕೇ ಅಪಾಯ. ಹಳ್ಳಿಗಳಲ್ಲಿ ಇದನ್ನು ಗಾಳಿ ಸೋಕಿದ್ದು ಎಂದುಕೊಂಡು ಅಮೂಲ್ಯವಾದ ಸಮಯ ಕಳೆಯುತ್ತಾರೆ. ಆಣೆ ಮಾಡಬೇಡಿ ಎಂದು ವೈದ್ಯರು ಹೇಳಲಿಲ್ಲ. ಆಣೆಗೆ ಮೊದಲು ಆಸ್ಪತ್ರೆಗೆ ಬಂದು ಹೋಗಿ ಎಂದರು. ಈ ಲಕ್ಷಣಗಳನ್ನು ಗುರುತಿಸಿ ತಕ್ಷಣ ಕಳುಹಿಸುವುದಷ್ಟೇ ಸಮಾಲೋಚಕನ ಕೆಲಸ, ಔಷಧಿಯ ಮಾತು ಅವನದಲ್ಲ ಎಂಬುದನ್ನೂ ಖಚಿತವಾಗಿ ಹೇಳಿದರು.

ನೀತಿಸಂಹಿತೆಯ ಪಾಠಗಳಲ್ಲಿ ಎರಡು ವಿಷಯ ನನಗೆ ಹೊಸದು. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಂ ಮಾತ್ರೆ ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿತ ಏರಿ ಗಂಭೀರ ಸ್ಥಿತಿಗೆ ಹೋಗಬಹುದು. ಅದನ್ನು ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕೊಡುವ ಮನೆಗಳನ್ನು ನಾನೇ ನೋಡಿದ್ದೇನೆ. ಒಪ್ಪಿಗೆಯಿಲ್ಲದೆ ಹಾಗೆ ಕೊಡುವುದು ತಪ್ಪು ಮಾತ್ರವಲ್ಲ, ಕೊಲ್ಲಲೂಬಹುದು. ಎರಡನೆಯದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ: ಮದ್ಯ ಮತ್ತು ಮಾದಕ ವಸ್ತುಗಳಿಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಅದರ ವ್ಯಾಪ್ತಿಗೆ ಬರುತ್ತವೆ, ಮತ್ತು 23ನೆಯ ಸೆಕ್ಷನ್ ರೋಗಿಯ ಗೋಪ್ಯತೆಯ ಹಕ್ಕನ್ನು ಕಾಯುತ್ತದೆ. ತೀರ್ಥಹಳ್ಳಿಯ ಸಂತೆಯಲ್ಲಿ ಸಿಕ್ಕ ಬಂಧುವಿಗೆ ‘ನಿಮ್ಮ ಭಾವ ನಮ್ಮಲ್ಲಿಗೆ ಬಂದಿದ್ದರು’ ಎನ್ನುವುದು ಕಾನೂನಿಗೆ ವಿರುದ್ಧ ಎಂದು ನನಗೆ ಯಾರೂ ಮೊದಲು ಹೇಳಿರಲಿಲ್ಲ.

ಐದನೆಯ ತಿಂಗಳಲ್ಲಿ ನಮ್ಮ ಸಹಪಾಠಿಗಳಲ್ಲೊಬ್ಬರು ಮತ್ತೆ ಕುಡಿದರು. ಅವರಿಗೆ ಎರಡು ವರ್ಷಕ್ಕಿಂತ ಬಹಳ ಹೆಚ್ಚೇ ಆಗಿತ್ತು. ವಾರವಾರವೂ ಬೇರೆಯವರ ಕುಡಿತದ ವಿವರ ಕೇಳುವುದು, ಅದನ್ನು ಬರೆದಿಡುವುದು, ರಾತ್ರಿ ಅದೇ ತಲೆಯಲ್ಲಿ ಸುತ್ತುವುದು ಎಷ್ಟು ಭಾರದ ಕೆಲಸ ಎಂದು ನನಗೂ ಆಗ ತಿಳಿಯಿತು; ಎರಡು ವರ್ಷದ ನಿಯಮದ ಬಗ್ಗೆ ನನಗಿದ್ದ ಸಿಟ್ಟು ಆ ವಾರ ಇಳಿಯಿತು. ಸಂಸ್ಥೆಯವರು ನಡೆದುಕೊಂಡ ರೀತಿಯನ್ನು ಮೆಚ್ಚಿ ಬರೆಯಬೇಕು. ಅವರನ್ನು ಹೊರಹಾಕಲಿಲ್ಲ, ತರಗತಿಯಲ್ಲಿ ಹೆಸರೆತ್ತಲಿಲ್ಲ, ಚಿಕಿತ್ಸೆಗೆ ಏರ್ಪಾಟು ಮಾಡಿ, ಕಟ್ಟಿದ ಶುಲ್ಕದಲ್ಲೇ ಮುಂದಿನ ವರ್ಷ ಬಂದು ಮುಗಿಸಬಹುದೆಂದು ಬರೆದುಕೊಟ್ಟರು. ಆ ಸಹಪಾಠಿ ಇಷ್ಟನ್ನು ಹಂಚಿಕೊಳ್ಳಲು ಒಪ್ಪಿದ್ದರಿಂದ ಬರೆದಿದ್ದೇನೆ.

ಇನ್ನು ಕೊರತೆಗಳು. ಪಾಠ ಕನ್ನಡದಲ್ಲಿ ನಡೆದರೂ ಟಿಪ್ಪಣಿಗಳೆಲ್ಲ ಇಂಗ್ಲಿಷಿನವು, ಅದೂ ಮಸುಕು ಜೆರಾಕ್ಸ್. ಇಪ್ಪತ್ತು ವರ್ಷ ಪುಸ್ತಕ ಮುಟ್ಟದವನು ರಾತ್ರಿ ನಿಘಂಟು ಹಿಡಿದು ಕುಳಿತುಕೊಳ್ಳಬೇಕಾಯಿತು. ಮುಂದೆ ಕನ್ನಡದಲ್ಲೇ ಮಾತಾಡಿಸಬೇಕಾದವರಿಗೆ ಕನ್ನಡದಲ್ಲೇ ಓದಲು ಕೊಡದಿರುವುದು ಸಣ್ಣ ತಪ್ಪಲ್ಲ. 120 ತಾಸಿನ ಪ್ರಾಯೋಗಿಕ ತರಬೇತಿ ಎಂದು ಹೇಳಿದ್ದರು. ನನ್ನನ್ನು ಕಳುಹಿಸಿದ ವ್ಯಸನಮುಕ್ತಿ ಕೇಂದ್ರದಲ್ಲಿ ಅದರ ಬಹುಭಾಗ ಬಾಗಿಲು ಕಾಯುವುದರಲ್ಲಿ, ಊಟದ ಲೆಕ್ಕ ಬರೆಯುವುದರಲ್ಲಿ ಕಳೆಯಿತು. ಮೂರು ಸಲ ದೂರಿದ ಮೇಲೆ ಕೊನೆಯ ತಿಂಗಳು ಮಾತ್ರ ಹಿರಿಯ ಸಮಾಲೋಚಕರ ಪಕ್ಕದಲ್ಲಿ ಕೂರಿಸಿದರು. ಜೂನ್‌ನಲ್ಲಿ ಶುರುವಾಗುವ ವೇಳಾಪಟ್ಟಿಯೂ ನಮ್ಮ ಕಡೆಯವರಿಗೆ ಹೊಂದುವುದಿಲ್ಲ: ಮೊದಲು ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಕಾಲ, ಪರೀಕ್ಷೆಯ ಹೊತ್ತಿಗೆ ಅಡಿಕೆ ಕೊನೆಗೊಯ್ಲು. ಶೇ. 80 ಹಾಜರಿ ಉಳಿಸಿಕೊಳ್ಳಲು ನಾನು ಎರಡು ಸಲ ತಮ್ಮನನ್ನು ಊರಿಗೆ ಕರೆಸಬೇಕಾಯಿತು.

ಪ್ರಮಾಣಪತ್ರದ ಬೆಲೆಯ ಬಗ್ಗೆ ಭ್ರಮೆ ಬೇಡ. ಇದರಿಂದ ಯಾರೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ನಾನು ನೋಡಿದ ನೇಮಕಾತಿ ಪ್ರಕಟಣೆಗಳಲ್ಲಿ ಸಮಾಲೋಚಕರ ಹುದ್ದೆಗೆ ಪದವಿ ಕೇಳಿದ್ದರು. ಸಂಸ್ಥೆಯವರು ಇದನ್ನು ಶುಲ್ಕ ಕಟ್ಟಿಸಿಕೊಳ್ಳುವ ಮೊದಲೇ ಸ್ಪಷ್ಟವಾಗಿ ಹೇಳಬೇಕಿತ್ತು, ಹೇಳಿದ್ದು ಏಳನೆಯ ತಿಂಗಳಲ್ಲಿ. ಹಾಗಾಗಿ ನಾನೀಗ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ಸಮಾಜಕಾರ್ಯದ ಪದವಿಗೆ ಸೇರಿದ್ದೇನೆ. ಹಾಗೆಂದು ಕೆಲಸದ ಅಗತ್ಯವಿಲ್ಲವೆಂದಲ್ಲ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ಮದ್ಯದ ಸಮಸ್ಯೆಗೆ ನೆರವು ಬೇಕಾಗಿತ್ತು; ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿತ್ತು. ತರಗತಿಯ ಗೋಡೆಯ ಮೇಲೆ ಎರಡು ಉಚಿತ ಸಂಖ್ಯೆಗಳನ್ನು ಬರೆದಿಟ್ಟಿದ್ದರು: ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ನನ್ನ ಫೋನಿನಲ್ಲೂ ಅವು ಇವೆ, ಕೇಳಿದವರಿಗೆ ಕೊಡುತ್ತೇನೆ.

ಚೇತರಿಕೆಯಲ್ಲಿ ಎರಡು ವರ್ಷ ದಾಟಿದವರು, ತಮ್ಮ ಸಭೆಗಳನ್ನು ಬಿಡದೆ ಹೋಗುತ್ತಿರುವವರು, ಸಂಬಳದ ಆಸೆಯಿಂದಲ್ಲದೆ ಕಲಿಯುವ ಇಚ್ಛೆಯಿಂದ ಬರುವವರು ಈ ತರಬೇತಿಗೆ ಧೈರ್ಯವಾಗಿ ಸೇರಬಹುದು. ಶುಲ್ಕ ಕಟ್ಟುವ ಮೊದಲು ಪ್ರಾಯೋಗಿಕ ತರಬೇತಿ ಎಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹೊಸನಗರ, ಸಾಗರದ ಕಡೆಯಿಂದ ಬರುವವರು ಶನಿವಾರ ರಾತ್ರಿ ಶಿವಮೊಗ್ಗದಲ್ಲೇ ಉಳಿಯಲು ಬಂಧುಗಳ ಮನೆಯನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ಎರಡೂ ದಿನ ಹೋಗಿ ಬರುವುದನ್ನು ನಾನು ಮೂರು ವಾರ ಮಾಡಿ ಕೈಬಿಟ್ಟೆ.