‘ಈ ಗಾಡಿಗೆ ಒಂದೂ ರೀಕಾಲ್ ಇಲ್ಲ’ ಅಂದರೆ ದಯವಿಟ್ಟು ಅಲ್ಲೇ ನಿಲ್ಲಿ

ಹಳೆಯ ಕಾರು ಕೊಳ್ಳಲು ಓಡಾಡುತ್ತಿರುವವರು ಇದನ್ನು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ನನ್ನ ಕಿವಿ ಮೇಲೆ ಹೂವಿಟ್ಟ ಮನುಷ್ಯ ಇವತ್ತೂ ಅದೇ ಮಾತು ಹೇಳಿಕೊಂಡು ಇನ್ನೊಬ್ಬರಿಗೆ ಗಾಡಿ ತೋರಿಸುತ್ತಿದ್ದಾನೆ. ಮಾತು ಇಷ್ಟೇ: ‘ಈ ಗಾಡಿಗೆ ಒಂದೂ ರೀಕಾಲ್ ಇಲ್ಲ ಸಾರ್. ಬೇಕಾದರೆ ಚಾಸಿ ನಂಬರ್ ಹಾಕಿ ನೋಡಿ.’ (ರೀಕಾಲ್ ಅಂದರೆ ಮಾರಿದ ಗಾಡಿಯಲ್ಲಿ ದೋಷ ಇದೆ ಅಂತ ಕಂಪನಿಯೇ ವಾಪಸ್ ಕರೆಸಿ ಸರಿ ಮಾಡಿಕೊಡುವುದು.)

ಹಾಕಿ ನೋಡಿದೆ. ನಿಜವಾಗಿಯೂ ಒಂದೂ ಇರಲಿಲ್ಲ. ಹೊಟ್ಟೆ ಉರಿಯುವುದೇ ಅದಕ್ಕೆ. ಆತ ಹೇಳಿದ್ದು ಸುಳ್ಳಲ್ಲ. ಸುಳ್ಳು ಹೇಳಿದ್ದರೆ ಹಿಡಿದು ಕೇಳಬಹುದಿತ್ತು. ನಿಜವನ್ನೇ ಹೇಳಿ ಟೋಪಿ ಹಾಕಿದ.

ನನ್ನ ಮುಂದೆ ಎರಡು ಕಾರು ಇದ್ದವು. ಹೆಚ್ಚು ಕಡಿಮೆ ಒಂದೇ ವಯಸ್ಸು, ಒಂದೇ ಓಟ. ಮೊದಲನೆಯದನ್ನು ಅದರ ಮಾಲೀಕರೇ ಮಾರುತ್ತಿದ್ದರು. ಆ ಮಾಡೆಲ್‌ಗೆ ಹಲವು ರೀಕಾಲ್ ಆಗಿದ್ದವು, ಏರ್‌ಬ್ಯಾಗ್‌ದೂ ಸೇರಿ. ಆ ಮನುಷ್ಯ ಏನೂ ಮುಚ್ಚಿಡಲಿಲ್ಲ. ಪ್ರತಿಯೊಂದು ರೀಕಾಲ್‌ಗೂ ಕೆಲಸ ಮಾಡಿಸಿದ ಜಾಬ್ ಕಾರ್ಡ್ ತೆಗೆದು ಮೇಜಿನ ಮೇಲೆ ಇಟ್ಟರು. ಎರಡನೆಯದು ಈ ಮಹಾನುಭಾವನ ಹತ್ತಿರ ಇತ್ತು. ಈತ ವ್ಯಾಪಾರಿ. ನಾನು ಆ ಮೊದಲ ಗಾಡಿಯ ಹೆಸರು ಹೇಳಿದ ತಕ್ಷಣ ಮೊಬೈಲ್ ತೆಗೆದು ರೀಕಾಲ್ ಪಟ್ಟಿ ತೋರಿಸಿದ. ‘ನೋಡಿ ಸಾರ್, ಕಂಪನಿಯೇ ಒಪ್ಪಿಕೊಂಡಿದೆ ಗಾಡಿ ಸರಿ ಇಲ್ಲ ಅಂತ. ನಮ್ದು ನೋಡಿ, ಕ್ಲೀನ್.’ ಆ ಕ್ಲೀನ್ ಅನ್ನುವ ಪದವನ್ನು ಆತ ಎಷ್ಟು ಸಲ ಹೇಳಿದನೋ.

ಈಗ ನೋಡಿದರೆ ಆ ಏರ್‌ಬ್ಯಾಗ್ ರೀಕಾಲ್ ಆ ಗಾಡಿಯೊಂದರ ಕಥೆಯೇ ಅಲ್ಲ. ಟಕಾಟಾ ಅನ್ನುವ ಜಪಾನಿನ ಕಂಪನಿ ಏರ್‌ಬ್ಯಾಗ್ ಉಬ್ಬಿಸುವ ಇನ್‌ಫ್ಲೇಟರ್ ಮಾಡುತ್ತಿತ್ತು. ಒಳಗೆ ಅಮೋನಿಯಂ ನೈಟ್ರೇಟ್. ವರ್ಷಗಟ್ಟಲೆ ಬಿಸಿಲು, ತೇವ ತಗುಲಿ ಅದು ಹಾಳಾಗುತ್ತದೆ. ಆಮೇಲೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಲೋಹದ ಡಬ್ಬಿಯೇ ಒಡೆದು ಚೂರುಗಳು ಮುಖಕ್ಕೆ ಹಾರುತ್ತವೆ. ಜನ ಸತ್ತಿದ್ದಾರೆ. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳು ಇದರ ಲೆಕ್ಕಕ್ಕೆ ಬಂದವು. ಹೋಂಡಾ, ಟೊಯೋಟಾ, ಬಿಎಂಡಬ್ಲ್ಯು, ಫೋರ್ಡ್ ಯಾರೂ ತಪ್ಪಿಸಿಕೊಳ್ಳಲಿಲ್ಲ. 2017ರಲ್ಲಿ ಟಕಾಟಾ ದಿವಾಳಿ ಅರ್ಜಿ ಹಾಕಿತು. ಅಂದರೆ ಈ ರೀಕಾಲ್ ಇದ್ದ ಮಾತ್ರಕ್ಕೆ ಎಂಜಿನ್ ಕೆಟ್ಟದ್ದು, ಗೇರ್‌ಬಾಕ್ಸ್ ಕೆಟ್ಟದ್ದು ಅಂತ ಏನೂ ಹೇಳೋಕೆ ಬರುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ, ಈ ಗಾಡಿಯಲ್ಲಿ ಆ ಭಾಗ ಬದಲಾಗಿದೆಯಾ? ಮೊದಲ ಗಾಡಿಯಲ್ಲಿ ಬದಲಾಗಿತ್ತು, ಕಾಗದವೂ ಇತ್ತು. ಅದನ್ನು ಬೇರೆ ಯಾರೋ ತೆಗೆದುಕೊಂಡು ಹೋದರು. ಪುಣ್ಯವಂತರು.

ನನ್ನ ಕ್ಲೀನ್ ಗಾಡಿಗೆ ಬರೋಣ. ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್, ಅಂದರೆ ಎರಡು ಕ್ಲಚ್ ಇಟ್ಟುಕೊಂಡು ತಾನೇ ಗೇರ್ ಬದಲಾಯಿಸುವ ಗೇರ್‌ಬಾಕ್ಸ್. ಅದರಲ್ಲೂ ಡ್ರೈ ಕ್ಲಚ್, ಎಣ್ಣೆಯಲ್ಲಿ ಮುಳುಗಿರದ ಥರದ್ದು. ಟೆಸ್ಟ್ ಡ್ರೈವ್‌ನಲ್ಲಿ ಎಷ್ಟು ನಯ ಅಂದರೆ ಗೇರ್ ಬದಲಾಗಿದ್ದೇ ಗೊತ್ತಾಗಲಿಲ್ಲ. ಖಾಲಿ ರಸ್ತೆಯಲ್ಲಿ ಓಡಿಸೋಕೆ ಕೊಟ್ಟಿದ್ದ, ಸಂದಣಿ ಕಡೆ ಹೋಗೋಣ ಅಂದರೆ ‘ಪೆಟ್ರೋಲ್ ಕಡಿಮೆ ಇದೆ ಸಾರ್’ ಅಂದ. ಕೆಲವು ವಾರ ಚೆನ್ನಾಗಿತ್ತು. ಆಮೇಲೆ ನಿಧಾನವಾಗಿ ಚಲಿಸುವ ವಾಹನಗಳ ಸಾಲಿನಲ್ಲಿ ಬ್ರೇಕ್‌ನಿಂದ ಕಾಲು ತೆಗೆದರೆ ಇಡೀ ಕಾರು ನಡುಗೋಕೆ ಶುರು. ಒಂದರಿಂದ ಎರಡನೇ ಗೇರ್‌ಗೆ ಹೋಗುವಾಗ ದಡ್ ಅಂತ ಒಂದು ಒದೆತ. ಒಂದು ಸಲ ಸಿಗ್ನಲ್‌ನಲ್ಲಿ ಎಕ್ಸಲರೇಟರ್ ಒತ್ತಿದರೂ ಗಾಡಿ ಮುಂದಕ್ಕೆ ಹೋಗಲಿಲ್ಲ. ಹಿಂದೆ ಲಾರಿ. ಜೀವ ಬಾಯಿಗೆ ಬಂತು.

ವರ್ಕ್‌ಶಾಪ್‌ಗೆ ತೆಗೆದುಕೊಂಡು ಹೋದೆ. ಅಲ್ಲಿಯ ಸರ್ವಿಸ್ ಅಡ್ವೈಸರ್ ಬಾನೆಟ್ ಎತ್ತಲೇ ಇಲ್ಲ. ನಾನು ‘ನಡುಗುತ್ತೆ’ ಅನ್ನುವಷ್ಟರಲ್ಲಿ ‘ಓ, ಈ ಗೇರ್‌ಬಾಕ್ಸಾ’ ಅಂದ. ಅಂದು ನಕ್ಕ. ಆ ನಗು ಇನ್ನೂ ಕಣ್ಣ ಮುಂದೆ ಇದೆ. ಚಾಸಿ ನಂಬರ್ ಹಾಕಿ ಪರದೆಯನ್ನು ನನ್ನ ಕಡೆ ತಿರುಗಿಸಿದ. ಹಳೆಯ ಮಾಲೀಕರ ಕಾಲದ ಜಾಬ್ ಕಾರ್ಡ್‌ಗಳು ಸಾಲಾಗಿ ನಿಂತಿದ್ದವು. ‘ನಿಧಾನ ವೇಗದಲ್ಲಿ ನಡುಕ, ಗ್ರಾಹಕರ ದೂರು.’ ಅದರ ಕೆಳಗೆ ಸಾಫ್ಟ್‌ವೇರ್ ಅಪ್‌ಡೇಟ್. ಮತ್ತೆ ಅದೇ ದೂರು. ಅದರ ಕೆಳಗೆ ‘ವಾಹನದ ಸಾಮಾನ್ಯ ಗುಣ.’ ಮತ್ತೆ ಅದೇ ದೂರು. ಕ್ಲಚ್ ರೀಲರ್ನ್. ಕೊನೆಯ ರೀಲರ್ನ್ ಆದದ್ದು ಗಾಡಿ ನನ್ನ ಕೈಗೆ ಬರುವುದಕ್ಕೆ ಸ್ವಲ್ಪ ಮುಂಚೆ. ಮಾಡಿಸಿದವರ ಹೆಸರು? ನನಗೆ ಮಾರಿದ ಮಹಾನುಭಾವನದ್ದೇ!

ರೀಲರ್ನ್ ಅಂದರೆ ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನುವುದನ್ನು ಕಂಪ್ಯೂಟರ್‌ಗೆ ಹೊಸದಾಗಿ ಕಲಿಸುವುದು. ಸವೆದ ಕ್ಲಚ್ ಇದರಿಂದ ಹೊಸದಾಗುವುದಿಲ್ಲ. ಸ್ವಲ್ಪ ಕಾಲ ನಯವಾಗಿ ಓಡುತ್ತದೆ, ಅಷ್ಟೇ. ಮಾರೋಕೆ ಅಷ್ಟು ಕಾಲ ಸಾಕಲ್ವಾ!

ಅಲ್ಲಿಂದಲೇ ಫೋನ್ ಮಾಡಿದೆ. ಆತನ ಉತ್ತರಗಳನ್ನು ಇಲ್ಲಿ ಹಾಕುತ್ತೇನೆ, ಓದಿ.

ಮೊದಲು: ‘ಹೌದಾ ಸಾರ್? ನಮ್ಮ ಹತ್ರ ಇದ್ದಾಗ ಏನೂ ಇರಲಿಲ್ಲ.’

ಜಾಬ್ ಕಾರ್ಡ್ ಫೋಟೋ ಕಳಿಸಿದ ಮೇಲೆ: ‘ಅದು ರೊಟೀನ್ ಸರ್ವಿಸ್ ಸಾರ್.’

ರೊಟೀನ್ ಸರ್ವಿಸ್‌ನಲ್ಲಿ ಯಾರು ಕ್ಲಚ್ ರೀಲರ್ನ್ ಮಾಡಿಸುತ್ತಾರೆ ಅಂತ ಕೇಳಿದೆ. ಆಗ ಬಂತು ನೋಡಿ: ‘ನಾವು ಹೇಳಿದ್ದು ರೀಕಾಲ್ ಇಲ್ಲ ಅಂತ. ಕಂಪ್ಲೇಂಟ್ ಇಲ್ಲ ಅಂತ ಯಾವಾಗ ಹೇಳಿದ್ವಿ? ನೀವು ಅದನ್ನ ಕೇಳಲೇ ಇಲ್ಲ.’

ಈ ಸಾಲನ್ನು ಎಷ್ಟು ಸಲ ಓದಿದ್ದೇನೋ. ನೀವು ಅದನ್ನ ಕೇಳಲೇ ಇಲ್ಲ! ಅಂದರೆ ಪ್ರಶ್ನೆ ಯಾವುದು ಅಂತ ಆತನಿಗೆ ಗೊತ್ತಿತ್ತು. ಅದನ್ನು ನಾನು ಕೇಳದ ಹಾಗೆ ಮಾಡೋಕೇ ರೀಕಾಲ್ ಪುರಾಣ ತೆಗೆದಿದ್ದ.

ಕೊನೆಗೆ ಹೇಳಿದ್ದು: ‘ನೀವು ಓಡಿಸೋ ರೀತಿ ಇರಬೇಕು ಸಾರ್. ಇದಕ್ಕೆ ಅಭ್ಯಾಸ ಬೇಕು.’

ಇದನ್ನು ಕೇಳಿ ಮೈ ಉರಿದು ಹೋಯಿತು. ಆಮೇಲೆ ಹುಡುಕಿದಾಗ ಗೊತ್ತಾಯಿತು, ಇದೇ ಉತ್ತರ ಕೊಟ್ಟು ದೊಡ್ಡ ಕಂಪನಿಯೇ ಕೋರ್ಟಿನಲ್ಲಿ ದಂಡ ತೆತ್ತಿದೆ. ಆಸ್ಟ್ರೇಲಿಯಾದಲ್ಲಿ ಫೋರ್ಡ್ ತನ್ನ ಪವರ್‌ಶಿಫ್ಟ್ ಡ್ಯುಯಲ್ ಕ್ಲಚ್ ಕಾರುಗಳ ನಡುಕದ ಬಗ್ಗೆ ದೂರು ಕೊಟ್ಟವರಿಗೆ ‘ನೀವು ಓಡಿಸುವ ರೀತಿ’ ಅಂತ ಹೇಳುತ್ತಿತ್ತು. ಗೇರ್‌ಬಾಕ್ಸ್‌ನಲ್ಲಿ ದೋಷ ಇರುವುದು ಅದಕ್ಕೆ ಗೊತ್ತಿತ್ತು. 2018ರಲ್ಲಿ ಅಲ್ಲಿಯ ಫೆಡರಲ್ ಕೋರ್ಟ್ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. (ನನ್ನ ಕಾರು ಫೋರ್ಡ್ ಅಲ್ಲ. ಹೆಸರು ಹೇಳುವುದಿಲ್ಲ, ಜಗಳ ಇನ್ನೂ ಮುಗಿದಿಲ್ಲ.) ಅಮೆರಿಕದಲ್ಲೂ ಅದೇ ಗೇರ್‌ಬಾಕ್ಸ್‌ನ ದೂರು ರಾಶಿ ರಾಶಿ ಬಿದ್ದಾಗ ಫೋರ್ಡ್ ಮಾಡಿದ್ದು ಕ್ಲಚ್ ವಾರಂಟಿ ಉದ್ದ ಮಾಡುವ ಕೆಲಸ. ವಾರಂಟಿ ಉದ್ದ ಮಾಡಿದರೆ ಅದು ರೀಕಾಲ್ ಪಟ್ಟಿಗೆ ಬರುವುದಿಲ್ಲ. ಗೊತ್ತಾಯಿತಲ್ಲ, ‘ಕ್ಲೀನ್’ ಹೇಗೆ ಆಗುತ್ತೆ ಅಂತ?

ರೀಕಾಲ್ ಮಾಡುವುದು ಸುರಕ್ಷತೆಗೆ ಅಪಾಯ ಇದ್ದರೆ. ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್, ಬೆಂಕಿ, ಇಂಥವು. ಹೊಗೆ ನಿಯಮ ಮೀರಿದರೂ ಮಾಡುತ್ತಾರೆ. ಗೇರ್‌ಬಾಕ್ಸ್ ಬೇಗ ಸವೆಯುತ್ತೆ, ಎಂಜಿನ್ ಆಯಿಲ್ ಕುಡಿಯುತ್ತೆ, ಏಸಿ ಪದೇ ಪದೇ ಸಾಯುತ್ತೆ, ಇದೆಲ್ಲ ನಿಮ್ಮ ಜೇಬಿಗೆ ಅಪಾಯ. ಅದಕ್ಕೆ ಸಾಮಾನ್ಯವಾಗಿ ಯಾರೂ ರೀಕಾಲ್ ಮಾಡುವುದಿಲ್ಲ. ಇನ್ನೂ ತಮಾಷೆ ಅಂದರೆ ಒಂದು ದೇಶದಲ್ಲಿ ರೀಕಾಲ್ ಆದದ್ದು ಇನ್ನೊಂದು ದೇಶದಲ್ಲಿ ಆಗಬೇಕು ಅಂತಲೂ ಇಲ್ಲ. 2013ರಲ್ಲಿ ಫೋಕ್ಸ್‌ವ್ಯಾಗನ್ ಚೀನಾದಲ್ಲಿ ಡಿಎಸ್‌ಜಿ (ತನ್ನ ಡ್ಯುಯಲ್ ಕ್ಲಚ್‌ಗೆ ಅದು ಇಟ್ಟ ಹೆಸರು) ಗೇರ್‌ಬಾಕ್ಸ್ ತೊಂದರೆಗೆ 3.8 ಲಕ್ಷಕ್ಕೂ ಹೆಚ್ಚು ಕಾರು ವಾಪಸ್ ಕರೆಸಿತು. ಅದೂ ಅಲ್ಲಿಯ ಸರ್ಕಾರಿ ಟಿವಿ ತೋರಿಸಿ ಗಲಾಟೆ ಆದ ಮೇಲೆ.

ಸುರಕ್ಷತೆ ವಿಷಯದಲ್ಲೂ ‘ಇಲ್ಲ’ ಅಂದರೆ ‘ಇನ್ನೂ ಆಗಿಲ್ಲ’ ಅಂತ ಇರಬಹುದು. ಜನರಲ್ ಮೋಟರ್ಸ್ ಕಥೆ ಓದಿ ನನಗೆ ನಿದ್ದೆ ಬರಲಿಲ್ಲ. ಷೆವರ್ಲೆ ಕೋಬಾಲ್ಟ್ ಥರದ ಕಾರುಗಳಲ್ಲಿ ಕೀ ಹಾಕುವ ಇಗ್ನಿಷನ್ ಸ್ವಿಚ್ ಸಡಿಲ. ಓಡುತ್ತಿರುವಾಗಲೇ ಜಾರಿ ಎಂಜಿನ್ ಆಫ್ ಆಗುತ್ತಿತ್ತು, ಡಿಕ್ಕಿ ಆದರೆ ಏರ್‌ಬ್ಯಾಗೂ ಬಿಚ್ಚುತ್ತಿರಲಿಲ್ಲ. ಕಂಪನಿಯೊಳಗೆ ಹತ್ತಿರ ಹತ್ತಿರ 10 ವರ್ಷದಿಂದ ಗೊತ್ತಿತ್ತು. ರೀಕಾಲ್ ಶುರುವಾದದ್ದು 2014ರಲ್ಲಿ. ಕೊನೆಗೆ 124 ಸಾವುಗಳಿಗೆ ಪರಿಹಾರ ಕೊಟ್ಟರು. 2013ರಲ್ಲಿ ಆ ಕಾರು ಕೊಂಡವನಿಗೆ ಅದನ್ನು ಮಾರಿದವನೂ ‘ಇಗ್ನಿಷನ್‌ಗೆ ರೀಕಾಲ್ ಇಲ್ಲ’ ಅಂತಲೇ ಹೇಳಬಹುದಿತ್ತು, ಅದೂ ಸುಳ್ಳಾಗುತ್ತಿರಲಿಲ್ಲ.

ಚಾಸಿ ನಂಬರ್ ಹಾಕಿ ನೋಡುವ ಪುಟದ ಬಗ್ಗೆಯೂ ಹೇಳುತ್ತೇನೆ. ಅಮೆರಿಕದ ಸಾರಿಗೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಇಟ್ಟಿರುವ ಪುಟದಲ್ಲಿ 17 ಅಕ್ಷರಗಳ ನಂಬರ್ ಹಾಕಿದರೆ ಬಾಕಿ ಇರುವ ರೀಕಾಲ್ ಮಾತ್ರ ಬರುತ್ತದೆ. ರಿಪೇರಿ ಮುಗಿದದ್ದು ತೋರಿಸುವುದಿಲ್ಲ. 15 ವರ್ಷಕ್ಕಿಂತ ಹಳೆಯದು ಸಾಮಾನ್ಯವಾಗಿ ತೋರಿಸುವುದಿಲ್ಲ. ಮೊನ್ನೆ ಘೋಷಿಸಿ ಇನ್ನೂ ನಂಬರ್‌ಗಳ ಪಟ್ಟಿ ಮುಗಿಯದೇ ಇರುವುದೂ ಬರುವುದಿಲ್ಲ. ಸುರಕ್ಷತೆಗೆ ಸಂಬಂಧ ಇಲ್ಲದ ಸರ್ವಿಸ್ ಕ್ಯಾಂಪೇನ್, ಅಂದರೆ ರೀಕಾಲ್ ಅನ್ನದೇ ಕಂಪನಿ ಕರೆದು ಮಾಡಿಕೊಡುವ ರಿಪೇರಿ, ಅಂತೂ ಬರುವುದೇ ಇಲ್ಲ. ಅಂದರೆ ಅಲ್ಲಿ ಸೊನ್ನೆ ಬಂದರೆ ಗಾಡಿ ಚೆನ್ನಾಗಿದೆ ಅಂತ ಅರ್ಥವೇ ಅಲ್ಲ. ಅಲ್ಲವೇ ಅಲ್ಲ.

ದೂರುಗಳನ್ನು ಓದಿ. ಆದರೆ ಎಣಿಸಬೇಡಿ. ಜಾಸ್ತಿ ಮಾರಾಟವಾದ ಕಾರಿಗೆ ಜಾಸ್ತಿ ದೂರು ಇದ್ದೇ ಇರುತ್ತೆ. ಟಿವಿಯಲ್ಲಿ ಸುದ್ದಿ ಬಂದರೆ ಮಾರನೇ ದಿನ ದೂರು ಏರುತ್ತೆ. ಹೋದ ವರ್ಷ ಬಂದ ಮಾಡೆಲ್‌ಗೆ ದೂರು ಕಡಿಮೆ ಇದ್ದರೆ ಅದು ಇನ್ನೂ ಹಳೆಯದಾಗಿಲ್ಲ ಅಂತ. ನೋಡಬೇಕಾದದ್ದು ಬೇರೆ. ಒಂದೇ ಭಾಗ, ಒಂದೇ ಲಕ್ಷಣ, ಹತ್ತಿರ ಹತ್ತಿರ ಒಂದೇ ಕಿಲೋಮೀಟರ್. ಪರಿಚಯವೇ ಇಲ್ಲದ ಜನ ಒಂದೇ ವಾಕ್ಯ ಬರೆದಿದ್ದಾರಾ? ನನ್ನ ಗಾಡಿಯ ಮಾಡೆಲ್‌ಗೆ ಬರೆದಿದ್ದರು. ‘ನಿಧಾನ ವೇಗದಲ್ಲಿ ನಡುಗುತ್ತದೆ, ಸರ್ವಿಸ್‌ನವರು ಸಾಮಾನ್ಯ ಅಂದರು.’ ಪುಟ ಪುಟ. ಅದರ ಜೊತೆಗೆ ಸರ್ವಿಸ್ ಬುಲೆಟಿನ್. ಅಂದರೆ ಇಂಥ ದೂರು ಬಂದರೆ ಹೀಗೆ ರಿಪೇರಿ ಮಾಡಿ ಅಂತ ಕಂಪನಿ ತನ್ನ ಡೀಲರ್‌ಗಳಿಗೆ ಬರೆಯುವ ಕಾಗದ. ಒಂದೇ ತೊಂದರೆಗೆ ಬುಲೆಟಿನ್ ಮೇಲೆ ಬುಲೆಟಿನ್ ಇದ್ದರೆ ಮೊದಲಿನ ರಿಪೇರಿ ಕೆಲಸ ಮಾಡಿಲ್ಲ ಅಂತ ಲೆಕ್ಕ ಹಾಕಿ. ಮಾರುವವನು ಇದನ್ನು ಯಾವತ್ತೂ ತೋರಿಸುವುದಿಲ್ಲ. ರೀಕಾಲ್ ಪಟ್ಟಿ ಹಿಡಿದು ಮೂಗಿಗೆ ತುಪ್ಪ ಸವರುತ್ತಾನೆ.

ಮುಂಗಡ ಕೊಡುವ ಮುಂಚೆ ಕಂಪನಿ ವರ್ಕ್‌ಶಾಪ್‌ನಿಂದ ಪೂರ್ತಿ ಸರ್ವಿಸ್ ಹಿಸ್ಟರಿ ತೆಗೆಸಿ. ಮಾಲೀಕರ ಒಪ್ಪಿಗೆ ಬೇಕು ಅಂದರೆ ಮಾರುವವನನ್ನೇ ಕರೆದುಕೊಂಡು ಹೋಗಿ. ಬರಲ್ಲ ಅಂದರೆ ಎದ್ದು ಬನ್ನಿ. ಡ್ಯುಯಲ್ ಕ್ಲಚ್ ಗಾಡಿಯನ್ನು ಖಾಲಿ ರಸ್ತೆಯಲ್ಲಿ ಓಡಿಸಿ ಖುಷಿ ಪಡಬೇಡಿ. ಎಂಜಿನ್ ಬಿಸಿಯಾದ ಮೇಲೆ, ಇಂಚಿಂಚು ಚಲಿಸುವ ಸಾಲಿನಲ್ಲಿ, ಏರಿನಲ್ಲಿ ಓಡಿಸಿ. ಪೆಟ್ರೋಲ್ ಕಡಿಮೆ ಅಂದರೆ ನೀವೇ ಹಾಕಿಸಿ. ಮತ್ತೆ ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೇಳಿ: ‘ಎಂಜಿನ್, ಗೇರ್‌ಬಾಕ್ಸ್ ಬಗ್ಗೆ ಯಾವುದಾದರೂ ದೂರಿಗೆ ಈ ಗಾಡಿ ವರ್ಕ್‌ಶಾಪ್‌ಗೆ ಹೋಗಿತ್ತಾ?’ ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಬರಲಿ. ‘ಕ್ಲೀನ್ ಸಾರ್’ ಅನ್ನುವುದು ಉತ್ತರ ಅಲ್ಲ.

ಮನೆಯವರ ಹತ್ತಿರ, ನೆಂಟರ ಹತ್ತಿರ ‘ಸೊನ್ನೆ ರೀಕಾಲ್ ಗಾಡಿ’ ಅಂತ ಹೇಳಿಕೊಂಡು ತಿರುಗಿದ್ದೆ. ಈಗ ಯಾರ ಮನೆಗೆ ಹೋದರೂ ಮೊದಲ ಪ್ರಶ್ನೆ ಅದೇ. ‘ಹೇಗಿದೆ ನಿನ್ನ ಸೊನ್ನೆ?’ ಕ್ಲಚ್ ಸೆಟ್ ಬದಲಾಯಿಸಬೇಕಂತೆ. ಬದಲಾಯಿಸಿದ ಮೇಲೂ ಮತ್ತೆ ಬರಲ್ಲ ಅಂತ ಬರೆದುಕೊಡಿ ಅಂದರೆ ವರ್ಕ್‌ಶಾಪ್‌ನವರೂ ನಗುತ್ತಾರೆ.

ಇದೇ ತೊಂದರೆ ನಿಮ್ಮ ಗಾಡಿಯಲ್ಲಿದ್ದರೆ ಸುಮ್ನೆ ಕೂರಬೇಡಿ. ಚಾಸಿ ನಂಬರ್, ಕಿಲೋಮೀಟರ್, ತಾರೀಕು ಹಾಕಿ ಕಂಪನಿಗೂ ಸುರಕ್ಷತಾ ಇಲಾಖೆಗೂ ದೂರು ದಾಖಲಿಸಿ. ಇಂಥ ದೂರುಗಳನ್ನು ನೋಡಿಯೇ ತನಿಖೆ ಶುರುವಾಗುವುದು, ತನಿಖೆ ಆದರೆ ರೀಕಾಲ್ ಕೂಡ ಆಗಬಹುದು. ಸಿಗ್ನಲ್‌ನಲ್ಲಿ ಗಾಡಿ ನಿಂತು ಬಿಟ್ಟರೆ ಅದು ಜೇಬಿನ ಮಾತಲ್ಲ, ಜೀವದ ಮಾತು ಅಂತ ಸ್ಪಷ್ಟವಾಗಿ ಬರೆಯಿರಿ. ನಾನು ನನ್ನದನ್ನು ದಾಖಲಿಸಿದೆ, ಮಾರಿದವನಿಗೂ ಒಂದು ಪ್ರತಿ ಕಳಿಸಿದೆ. ಉತ್ತರ ಬಂತು: ‘ಇದನ್ನೆಲ್ಲಾ ನಮಗ್ಯಾಕೆ ಕಳಿಸ್ತೀರಿ ಸಾರ್? ಗಾಡಿ ಈಗ ನಿಮ್ದು.’